ಆ ಕಾಲಂನಲ್ಲಿ ‘ಇಲ್ಲ’ ಎಂದು ಬರೆಯುವ ಮುನ್ನ

ಹೋದ ಬೇಸಿಗೆಯಲ್ಲಿ ಅಫಜಲಪುರ ತಾಲ್ಲೂಕಿನ ಒಬ್ಬ ಹುಡುಗ ತಂದೆಯ ಜೊತೆ ನನ್ನ ವಕೀಲಿ ಕಚೇರಿಗೆ ಬಂದಿದ್ದ. ಕಾನ್‌ಸ್ಟೆಬಲ್ ಹುದ್ದೆಯ ಲಿಖಿತ ಪರೀಕ್ಷೆ, ಓಟ, ಮೆಡಿಕಲ್ ಎಲ್ಲದರಲ್ಲೂ ಪಾಸಾಗಿದ್ದ. ಆದರೆ ಕೈಯಲ್ಲಿದ್ದದ್ದು ಆಯ್ಕೆ ರದ್ದಾದ ಪತ್ರ. ಕ್ರಿಮಿನಲ್ ಪ್ರಕರಣವನ್ನು ಮರೆಮಾಚಿದ್ದಾನೆ ಎಂಬುದು ಅದರಲ್ಲಿದ್ದ ಕಾರಣ.

ಹೊಲದ ಒಡ್ಡಿನ ಜಗಳ ಅದು. ಎದುರಿನವರು ಫಿರ್ಯಾದಿ ಕೊಡುವಾಗ ಮನೆಯ ಗಂಡಸರನ್ನೆಲ್ಲ ಸೇರಿಸಿದ್ದರು. ಆಗಷ್ಟೇ ಹದಿನೆಂಟು ತುಂಬಿದ್ದ ಇವನು ಐದನೇ ಆರೋಪಿ. ಮುಂದೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. “ಕೇಸ್ ಮುಗದು ಎರಡು ವರ್ಷ ಆಗ್ಯದಲ್ರಿ ಸಾಹೇಬ್ರ, ಅದನ್ಯಾಕ ಬರೀಬೇಕ್ರಿ?” ಎಂದು ತಂದೆ ಕೇಳಿದರು. ನಾನು ಫಾರ್ಮಿನ ಜೆರಾಕ್ಸ್ ತೆಗೆದು ನೋಡಿದೆ. ಸಾಲಾಗಿ ‘ಇಲ್ಲ, ಇಲ್ಲ, ಇಲ್ಲ’ ಎಂದು ಬರೆದಿದ್ದು ಹುಡುಗನಲ್ಲ, ಫಾರ್ಮ್ ತುಂಬಿಕೊಟ್ಟ ಅಂಗಡಿಯವನು. ಕೆಳಗಿನ ಸಹಿ ಮಾತ್ರ ಹುಡುಗನದು. ಕಾನೂನು ಹಿಡಿಯುವುದು ಸಹಿ ಮಾಡಿದವನನ್ನು.

ಆಳಂದ, ಅಫಜಲಪುರ, ಜೇವರ್ಗಿಯ ಹುಡುಗರು ಓಟದಲ್ಲಿ ಸೋಲುವುದಕ್ಕಿಂತ ಈ ಒಂದು ಕಾಲಂನಲ್ಲಿ ಸೋಲುವುದು ನನಗೆ ಹೆಚ್ಚು ಸಂಕಟ ಕೊಡುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅರ್ಜಿ ಹಾಕುವ ಮೊದಲು ಅಧಿಸೂಚನೆಯನ್ನು ನೀವೇ ಪೂರ್ತಿ ಓದಿ. ವಯಸ್ಸು, ವಿದ್ಯಾರ್ಹತೆ, ಎತ್ತರದ ಅಳತೆ ಎಲ್ಲವೂ ಅದರಲ್ಲಿರುತ್ತದೆ. ವಯೋಮಿತಿ ಆಗಾಗ ಬದಲಾಗುವುದರಿಂದ ಅಣ್ಣನ ಕಾಲದ ಲೆಕ್ಕ ನಂಬಬೇಡಿ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಸ್ಥಳೀಯ ವೃಂದದ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ. 80ರಷ್ಟು ಸ್ಥಳೀಯರಿಗೆ ಮೀಸಲು. ಇದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರ ಕೊಡುವವರು ಸಹಾಯಕ ಆಯುಕ್ತರು. ಈ ಮೂರೂ ತಾಲ್ಲೂಕುಗಳಿಗೆ ಅವರ ಕಚೇರಿ ಕಲಬುರಗಿಯಲ್ಲೇ ಇದೆ. ಹೆರಿಗೆ ಸೋಲಾಪುರದ ಆಸ್ಪತ್ರೆಯಲ್ಲಿ ಆಗಿತ್ತು, ಹಾಗಾಗಿ ನಿಮಗೆ ಸಿಗುವುದಿಲ್ಲ ಎಂದು ಟೇಬಲ್ಲಿನ ಆಚೆ ಕೂತವರು ಹೇಳಿದರೆ ತಿರುಗಿ ಬರಬೇಡಿ. ಈ ಭಾಗದಲ್ಲಿ ಹುಟ್ಟಿದವರಿಗಷ್ಟೇ ಅಲ್ಲ, 2013ರ ಜನವರಿ 1ಕ್ಕೆ ಮೊದಲು ಇಲ್ಲಿ ಕನಿಷ್ಠ 10 ವರ್ಷ ವಾಸವಿದ್ದವರಿಗೂ ಅವರ ಮಕ್ಕಳಿಗೂ ಹಕ್ಕಿದೆ. ‘ಆಗೋದಿಲ್ಲ’ ಎಂದರೆ ಅದನ್ನು ಬರೆದುಕೊಡಿ ಎಂದು ಕೇಳಿ. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಕೊನೆಯ ದಿನ ದಾಟಿಹೋಗುತ್ತದೆ, ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ.

ಇನ್ನು ‘ಸೀಟು ಮಾಡಿಸಿಕೊಡ್ತೀನಿ’ ಎನ್ನುವವರ ವಿಷಯ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯ ಅಕ್ರಮ ಹೊರಬಿದ್ದದ್ದು ಕಲಬುರಗಿಯ ಒಂದು ಕೇಂದ್ರದಿಂದ. 54 ಸಾವಿರಕ್ಕೂ ಹೆಚ್ಚು ಜನ ಬರೆದಿದ್ದ ಆ ಪರೀಕ್ಷೆಯನ್ನು ಸರಕಾರ 2022ರ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಹೈಕೋರ್ಟ್ 2023ರ ನವೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ರಾತ್ರಿ ಹಗಲು ಓದಿ ಬರೆದ ಹುಡುಗರೂ ಎರಡು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಈ ದಲ್ಲಾಳಿಗಳ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹೊಲ ಮಾರಿ ಕೊಟ್ಟ ದುಡ್ಡಿಗೆ ಬಾಂಡ್ ಪೇಪರ್ ಬರೆಸಿಕೊಂಡಿದ್ದೇವೆ ಎಂದು ಧೈರ್ಯವಾಗಿರಬೇಡಿ. ಕಾನೂನುಬಾಹಿರ ಕೆಲಸಕ್ಕೆ ಮಾಡಿಕೊಂಡ ಕರಾರಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಗಳೇ. ಒತ್ತಾಯಕ್ಕೆ ಸಿಕ್ಕಿ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಟ್ಟವರಿಗಷ್ಟೇ ರಕ್ಷಣೆ.

ಮತ್ತೆ ಆ ಕಾಲಂಗೆ ಬರುತ್ತೇನೆ. ಪ್ರಶ್ನೆಯನ್ನು ಅಕ್ಷರ ಬಿಡದೆ ಓದಿ. ‘ಬಾಕಿ ಇರುವ ಪ್ರಕರಣ ಇದೆಯೇ’ ಎನ್ನುವುದೇ ಬೇರೆ, ‘ಎಂದಾದರೂ ಪ್ರಕರಣ ದಾಖಲಾಗಿತ್ತೇ’ ಎನ್ನುವುದೇ ಬೇರೆ. ರಾಜಿಯಾದರೆ ಕಾನೂನಿನ ಲೆಕ್ಕದಲ್ಲಿ ಅದು ಖುಲಾಸೆ, ನಿಜ. ಆದರೂ ಪ್ರಕರಣ ದಾಖಲಾಗಿದ್ದು ಸುಳ್ಳಾಗುವುದಿಲ್ಲ. ಎಫ್‌ಐಆರ್‌ನಲ್ಲಿ ಹೆಸರಿದ್ದು ಚಾರ್ಜ್‌ಶೀಟ್‌ನಲ್ಲಿ ಕೈಬಿಟ್ಟಿದ್ದರೂ ಅಷ್ಟೇ. ಚುನಾವಣೆ ಹೊತ್ತಿಗೆ ತಹಶೀಲ್ದಾರರ ಮುಂದೆ ಬಾಂಡ್ ಬರೆಸಿಕೊಳ್ಳುವ, ಹಳೆಯ ಸಿಆರ್‌ಪಿಸಿಯ ಕಲಂ ಹಿಡಿದು ಜನ ಈಗಲೂ ‘107 ಕೇಸ್’ ಎನ್ನುವ ಪ್ರಕರಣ ಶಿಕ್ಷೆಯಲ್ಲ. ಆದರೆ ಕೆಲವು ಫಾರ್ಮ್‌ಗಳು ಅದನ್ನೂ ಕೇಳುತ್ತವೆ.

ಎಲ್ಲಕ್ಕಿಂತ ಅಪಾಯದ್ದು ದಂಡ ಕಟ್ಟಿ ಬರುವುದು. ದೀಪಾವಳಿಗೆ ಇಸ್ಪೀಟ್ ಆಡುವಾಗ ಸಿಕ್ಕಿಬಿದ್ದ ಹುಡುಗನಿಗೆ ‘ಒಪ್ಪಿಕೊಂಡು ದಂಡ ಕಟ್ಟು, ಇವತ್ತೇ ಮುಗೀತದ’ ಎಂದು ಹೇಳುವವರಿದ್ದಾರೆ. ಬೇಸರದಿಂದ ಹೇಳುತ್ತೇನೆ, ಅವರಲ್ಲಿ ವಕೀಲರೂ ಇದ್ದಾರೆ. ತಪ್ಪೊಪ್ಪಿಕೊಂಡು ಕಟ್ಟುವ ಇನ್ನೂರು ರೂಪಾಯಿ ದಂಡವೂ ಶಿಕ್ಷೆಯೇ, ಅದು ದಾಖಲೆಯಲ್ಲಿ ಉಳಿಯುತ್ತದೆ. ಸರಕಾರಿ ಕೆಲಸಕ್ಕೆ ಓದುತ್ತಿರುವ ಮಗನಿದ್ದರೆ ಒಪ್ಪಿಕೊಳ್ಳುವ ಮುಂಚೆ ಒಂದು ದಿನ ತಡೆದು ಯೋಚಿಸಿ.

ಹಾಗಾದರೆ ಬರೆದರೆ ಕೆಲಸ ಹೋಗುವುದಿಲ್ಲವೇ? ಹೋಗಲೂಬಹುದು. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ನಿಜ ಬರೆದರೂ ಪ್ರಕರಣದ ಗುಣ ನೋಡಿ ನಿರ್ಧರಿಸುವ ಅಧಿಕಾರ ಇಲಾಖೆಗಿದೆ. ಆದರೆ ಸಣ್ಣ ವಯಸ್ಸಿನ ಸಣ್ಣ ಪ್ರಕರಣವಾದರೆ ಮುಚ್ಚಿಟ್ಟದ್ದನ್ನೂ ಕಡೆಗಣಿಸಬಹುದು. ಫಾರ್ಮಿನಲ್ಲಿ ಸ್ಪಷ್ಟವಾಗಿ ಕೇಳದಿದ್ದರೆ ಹೇಳಲಿಲ್ಲ ಎಂದು ದೂರುವಂತಿಲ್ಲ. 2024ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದ ಒಬ್ಬ ಕಾನ್‌ಸ್ಟೆಬಲ್‌ಗೆ, ಖುಲಾಸೆಯಾದ ಪ್ರಕರಣ ಬರೆಯದಿದ್ದರೂ, ಅದೇ ಕೋರ್ಟ್ ಕೆಲಸ ಉಳಿಸಿಕೊಟ್ಟಿತು. ಅದನ್ನು ನಂಬಿ ಸುಳ್ಳು ಬರೆಯಬೇಡಿ, ಸೋತು ಮನೆಗೆ ಹೋದವರೂ ಇದ್ದಾರೆ. ಹದಿನೆಂಟು ತುಂಬುವ ಮುಂಚಿನ ಪ್ರಕರಣವಾದರೆ ಬಾಲನ್ಯಾಯ ಕಾಯ್ದೆಯ ರಕ್ಷಣೆಯಿದೆ. ಘೋರ ಅಪರಾಧಗಳಿಗೆ ಮಾತ್ರ ಲೆಕ್ಕ ಬೇರೆ.

ಆದ್ದರಿಂದ ಎಫ್‌ಐಆರ್, ಚಾರ್ಜ್‌ಶೀಟ್, ತೀರ್ಪು ಅಥವಾ ರಾಜಿ ಆದೇಶದ ದೃಢೀಕೃತ ನಕಲುಗಳನ್ನು ತಾಲ್ಲೂಕು ಕೋರ್ಟಿನಿಂದ ತೆಗೆದಿಟ್ಟುಕೊಂಡು, ನಂಬರ್ ಸಮೇತ ಬರೆಯಿರಿ. ಫಾರ್ಮ್ ಕೊಟ್ಟ ಮೇಲೆ ಕೇಸ್ ಬಿದ್ದರೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ. ವೆರಿಫಿಕೇಶನ್‌ಗೆ ಬಂದವರು ‘ರಿಪೋರ್ಟ್ ಕ್ಲಿಯರ್ ಬರೀತೀನಿ’ ಎಂದು ಖರ್ಚು ಕೇಳಿದರೆ ಕೊಡಬೇಡಿ, ಕೋರ್ಟಿನ ದಾಖಲೆ ಅವರ ಕೈಯಲ್ಲಿಲ್ಲ.

ನೋಟಿಸ್ ಬಂದರೆ ಸಾಹೇಬರ ಕಾಲು ಹಿಡಿಯಲು ಹೋಗದೆ ಲಿಖಿತ ಉತ್ತರ ಕೊಡಿ. ಆಯ್ಕೆ ರದ್ದಾದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು, ಅದರ ಪೀಠ ಕಲಬುರಗಿಯಲ್ಲೇ ಇದೆ. ಅವಧಿ ಒಂದು ವರ್ಷ. ನಾನು ಹೇಳಿದ ಹುಡುಗ ಬಂದದ್ದು ಹದಿನಾಲ್ಕು ತಿಂಗಳ ಮೇಲೆ. ಅಷ್ಟು ದಿನ ಯಾರೋ ‘ಮೇಲಿಂದ ಹೇಳಿಸ್ತೀನಿ’ ಎಂದು ಕೂರಿಸಿಟ್ಟಿದ್ದರು. ಈಗ ಪ್ರಕರಣದ ಜೊತೆಗೆ ತಡವಾದದ್ದನ್ನು ಮನ್ನಿಸಿ ಎಂಬ ಅರ್ಜಿಯನ್ನೂ ಹಾಕಿದ್ದೇವೆ. ಆದೇಶ ಬಂದ ಲಕೋಟೆಯನ್ನು ಅವನ ತಾಯಿ ಟ್ರಂಕಿನಲ್ಲಿ ಜೋಪಾನ ಮಾಡಿದ್ದರಿಂದ, ಅದು ಕೈಸೇರಿದ ದಿನ ತೋರಿಸಲು ಅಂಚೆಯ ಮೊಹರಾದರೂ ನಮ್ಮ ಬಳಿ ಇದೆ.