ಬೀರುವಿನ ಬೀಗದ ಕೈ

"ಮಾವ, ಹುಣಸೆಹಣ್ಣಿನ ದುಡ್ಡು ಇಟ್ಕೊಂಡು ರಾತ್ರಿ ಹೊತ್ತು ತುಮಕೂರಿಂದ ಕೊರಟಗೆರೆ ದಾಟಿ ಮಧುಗಿರಿಗೆ ಬರೋಕೆ ಭಯ ಆಗುತ್ತೆ. ಕಮ್ಮಿ ಬೆಲೆಗೆ ರಿವಾಲ್ವರ್ ಸಿಗುತ್ತಂತೆ, ವಾರಂಟಿನೂ ಇದೆಯಂತೆ, ತಗೊಳ್ಲಾ?" ಅಂತ ಮೊನ್ನೆ ಕೇಳಿದೆಯಲ್ಲ ಅಳಿಯ, ಅದಕ್ಕೆ ಇವತ್ತು ಉತ್ತರ ಹೇಳುತ್ತೇನೆ.

ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ನಿರ್ಭೀಕ್ ರಿವಾಲ್ವರ್ ತಂದಾಗ ಬೆಲೆ ಲಕ್ಷ ದಾಟಿತ್ತು. ಆಮೇಲೆ ಇಶಾಪುರದ ಕಾರ್ಖಾನೆಯ ನಿಡರ್ ರಿವಾಲ್ವರ್ ಸುಮಾರು 35 ಸಾವಿರಕ್ಕೆ ಬಂತು. ಬೆಲೆ ಇಳಿಯಿತೇ ಹೊರತು ಹೊಣೆ ಇಳಿಯಲಿಲ್ಲ. ಬಂದೂಕನ್ನು ಯಾರೂ ದಿನಾ ಬಳಸುವುದಿಲ್ಲ, ದಿನಾ ಕಾಯುತ್ತಾರೆ. ಆ ಕಾಯುವ ಕೆಲಸ ನಿನ್ನ ಕೈಲಾಗುತ್ತದೆಯೇ ಅಂತ ಮೊದಲು ನೋಡಿಕೋ.

ಮೊದಲು ಕಾಗದ. ಲೈಸೆನ್ಸ್ ಕೈಗೆ ಬರುವ ಮುಂಚೆ ಅಂಗಡಿಗೆ ಮುಂಗಡ ಕೊಡಬೇಡ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ 5 ವರ್ಷಕ್ಕೆ. ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡು. ಅವಧಿ ಮುಗಿದ ಮೇಲೆ ಬೀರುವಿನಲ್ಲಿ ಸುಮ್ಮನೆ ಬಿದ್ದಿದ್ದರೂ ಅಪರಾಧಿ ನೀನೇ. ಚುನಾವಣೆ ಬಂದು ಠಾಣೆಗೆ ಒಪ್ಪಿಸು ಅಂದರೆ ಒಪ್ಪಿಸು, ರಸೀದಿ ಜೋಪಾನ ಮಾಡು. ಜಾತ್ರೆಯಲ್ಲೋ ಮದುವೆಯಲ್ಲೋ ಸಂತೋಷಕ್ಕೆ ಅಂತ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಪಾವಗಡದ ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಗೂ ಇದು ಆಯುಧವಲ್ಲ. ಬೆಳೆ ಕಾಯುವ ಬಂದೂಕಿಗೆ ಕಾನೂನಿನಲ್ಲಿ ಬೇರೆ ದಾರಿ ಇದೆ.

ಇನ್ನು ವಾರಂಟಿ. ಅದು ಸಾಮಾನ್ಯವಾಗಿ ಕಾರ್ಖಾನೆಯಿಂದಲೇ ಬಂದ ದೋಷಕ್ಕೆ ಮಾತ್ರ. ತುಕ್ಕಿಗಿಲ್ಲ, ಬೀಳಿಸಿದ್ದಕ್ಕಿಲ್ಲ, ಕಂಡವರ ಹತ್ತಿರ ಬಿಚ್ಚಿಸಿದ್ದಕ್ಕಿಲ್ಲ. ಕಾರ್ಡನ್ನು ಅಂಗಡಿಯಲ್ಲೇ ಓದು. ಬಿಲ್ಲಿನ ನಂಬರೂ ಕಬ್ಬಿಣದ ಮೇಲಿನ ನಂಬರೂ ಒಂದೇ ಇದೆಯಾ ಅಂತ ನೋಡು. ಕುದುರೆ ಬಿಗಿಯಾಯಿತು, ಗುಂಡಿನ ಉರುಳೆ ತಿರುಗಲಿಲ್ಲ ಅಂತ ಶಿರಾದ ಲೇತ್ ಅಂಗಡಿಗೋ ಊರ ಕುಲುಮೆಗೋ ಒಯ್ಯಬೇಡ. 1959ರ ಆಯುಧ ಕಾಯ್ದೆ ಪ್ರಕಾರ ರಿಪೇರಿ ಮಾಡುವವನಿಗೂ ಲೈಸೆನ್ಸ್ ಬೇಕು.

ಆರೈಕೆಯ ವಿಷಯದಲ್ಲಿ ನಾನೇ ಪಟ್ಟ ಪಾಡು ಹೇಳುತ್ತೇನೆ. ನಮ್ಮ ತಾತನ ಒಂಟಿ ನಳಿಗೆ ಬಂದೂಕಿಗೆ ಒಂದು ಆಯುಧಪೂಜೆಯಂದು ನೀರಲ್ಲಿ ಕಲಸಿದ ಕುಂಕುಮ ಇಟ್ಟು, ಒರೆಸದೆ ಚೀಲಕ್ಕೆ ಸೇರಿಸಿದೆ. ಮುಂದಿನ ವರ್ಷ ತೆಗೆದರೆ ಬೊಟ್ಟಿದ್ದ ಜಾಗದಲ್ಲಿ ಮೂರು ತುಕ್ಕಿನ ಗುಳಿ. ಎಷ್ಟು ಉಜ್ಜಿದರೂ ಹೋಗಲಿಲ್ಲ. ನೀನು ಪೂಜೆ ಮಾಡು, ಆದರೆ ಬೊಟ್ಟು ಪೆಟ್ಟಿಗೆಗಿರಲಿ. ಒರೆಸುವ ಮೊದಲು ಗುಂಡು ತೆಗೆದು, ಉರುಳೆಯ ಪ್ರತಿ ಕೋಣೆಗೂ ಕಣ್ಣಿಟ್ಟು, ಬೆರಳಿಟ್ಟು ನೋಡು. ಒಮ್ಮೆ ನೋಡಿದ್ದನ್ನು ಇನ್ನೊಮ್ಮೆ ನೋಡು. ಕೊಬ್ಬರಿ ಎಣ್ಣೆ ಹಚ್ಚಬೇಡ, ಅಂಟಾಗಿ ಧೂಳು ಹಿಡಿಯುತ್ತದೆ. ಬಂದೂಕಿನ ಎಣ್ಣೆಯನ್ನೇ ಬಟ್ಟೆಗೆ ಒಂದೆರಡು ಹನಿ ಹಾಕಿ ತೆಳ್ಳಗೆ ಸವರು. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡಬೇಡ, ಚರ್ಮ ತೇವ ಹಿಡಿದು ಕಬ್ಬಿಣ ತಿನ್ನುತ್ತದೆ.

ಇಷ್ಟಕ್ಕೂ ನಿನ್ನ ಭಯವಿರುವುದು ದುಡ್ಡಿನ ಚೀಲದಲ್ಲಿ. ಮಂಡಿಯವರಿಗೆ ಹೇಳಿ ಹಣ ನೇರ ಬ್ಯಾಂಕ್ ಖಾತೆಗೆ ಹಾಕಿಸಿಕೋ. ಖಾಲಿ ಕೈಯಲ್ಲಿ ಬರುವವನಿಗೆ ಕತ್ತಲೂ ಹಗಲೇ. ಒಂದು ವರ್ಷ ಹಾಗೆ ಮಾಡಿ ನೋಡು. ಆಮೇಲೂ ಬೇಕೆನಿಸಿದರೆ ಅರ್ಜಿ ಬರೆಯಲು ನಾನೇ ಜೊತೆಗೆ ಬರುತ್ತೇನೆ.

ಅಲ್ಲಿಯವರೆಗೆ ಒಂದು ಕೆಲಸ ಮಾಡು. ಹೋದ ಭಾನುವಾರ ನಿಮ್ಮ ಮನೆಯಲ್ಲಿ ಹಳೇ ಫೋಟೊ ನೋಡಬೇಕು ಅಂದೆನಲ್ಲ, ನಿನ್ನ ಆರು ವರ್ಷದ ಮಗಳು ಓಡಿಹೋಗಿ ಅಕ್ಕಿ ಡಬ್ಬದ ಹಿಂದಿನಿಂದ ಬೀರುವಿನ ಬೀಗದ ಕೈ ತಂದುಕೊಟ್ಟಳು. ಮೊದಲು ಆ ಕೈ ಇಡುವ ಜಾಗ ಬದಲಾಯಿಸು.