ಈಗ ಯಾವ ಕೆಪಾಸಿಟರ್‌ನ ಸರದಿ?

ಮಲ್ಟಿಲೆವೆಲ್ ಕನ್ವರ್ಟರ್‌ನ ಮೊದಲ ಸಲ ಸಿಮ್ಯುಲೇಟ್ ಮಾಡಿದಾಗ ಔಟ್‌ಪುಟ್ ಮೆಟ್ಟಿಲು ಮೆಟ್ಟಿಲಾಗಿ ಚೆನ್ನಾಗೇ ಬಂತು. ಸ್ವಲ್ಪ ಹೊತ್ತಿಗೆ ಮೆಟ್ಟಿಲುಗಳ ಎತ್ತರ ಏರುಪೇರಾಯ್ತು. ನೋಡಿದ್ರೆ ಒಂದು ಕೆಪಾಸಿಟರ್ ವೋಲ್ಟೇಜ್ ಏರ್ತಾ ಇದೆ, ಇನ್ನೊಂದರದ್ದು ಇಳೀತಾ ಇದೆ. ಸರ್ಕ್ಯೂಟ್ ಸರಿಯಾಗೇ ಇತ್ತು. ಬ್ಯಾಲೆನ್ಸಿಂಗ್ ಕೋಡ್ ನಾನು ಬರೆದೇ ಇರಲಿಲ್ಲ! ನಿಜವಾದ ಹಾರ್ಡ್‌ವೇರ್ ಆಗಿದ್ರೆ ರೇಟಿಂಗ್ ದಾಟಿ ಐಜಿಬಿಟಿ ಸುಟ್ಟುಹೋಗ್ತಿತ್ತು.

ನಾನು ಮಾಡಿದ್ದು ಮಾಡ್ಯುಲರ್ ಮಲ್ಟಿಲೆವೆಲ್ ಕನ್ವರ್ಟರ್, ಅಂದ್ರೆ ಎಂಎಂಸಿ. ಲೆಸ್ನಿಕಾರ್ ಮತ್ತು ಮಾರ್ಕ್ವಾರ್ಟ್ 2003ರಲ್ಲಿ ಇದರ ಬಗ್ಗೆ ಪೇಪರ್ ಬರೆದರು. ಪುಗಲೂರು–ತ್ರಿಶೂರ್ ನಡುವಿನ 320 ಕಿಲೋವೋಲ್ಟ್ ಡಿಸಿ ಲೈನ್‌ನಲ್ಲೂ ಇದೇ ತರಹದ ಕನ್ವರ್ಟರ್ ಇದೆ.

ಇದರ ಒಂದೊಂದು ಆರ್ಮ್‌ನಲ್ಲೂ ಹಲವು ಸಬ್‌ಮಾಡ್ಯೂಲ್‌ಗಳು ಸೀರೀಸ್‌ನಲ್ಲಿ ಇರುತ್ತವೆ. ಸರಳವಾದ ಸಬ್‌ಮಾಡ್ಯೂಲ್‌ನಲ್ಲಿ ಒಂದು ಕೆಪಾಸಿಟರ್, ಎರಡು ಸ್ವಿಚ್. ಮೇಲಿನ ಸ್ವಿಚ್ ಆನ್ ಆದ್ರೆ ಕೆಪಾಸಿಟರ್ ಆರ್ಮ್ ಒಳಗೆ ಸೇರುತ್ತೆ, ಕೆಳಗಿನದು ಆನ್ ಆದ್ರೆ ಬೈಪಾಸ್. ಒಳಗಿರೋ ಕೆಪಾಸಿಟರ್‌ನಲ್ಲಿ ಮಾತ್ರ ಕರೆಂಟ್ ಹರಿಯುತ್ತೆ, ಅದರ ವೋಲ್ಟೇಜ್ ಮಾತ್ರ ಬದಲಾಗುತ್ತೆ. ಏರುಪೇರಿಗೆ ಮುಖ್ಯ ಕಾರಣ ಇದೇ: ಎಲ್ಲವೂ ಒಂದೇ ಸಮಯ ಒಳಗಿರಲ್ಲ.

ಪರಿಹಾರ ನಮ್ಮ ಮನೆಯಲ್ಲೇ ಇದೆ. ನಲ್ಲಿಯಲ್ಲಿ ನೀರು ಬಂದಾಗ ಖಾಲಿ ಕೊಡ ಮೊದಲು ಇಡ್ತೀವಿ. ಬಳಸೋವಾಗ ತುಂಬಿದ ಕೊಡದಿಂದ ತೆಗೀತೀವಿ. ಇಲ್ಲೂ ಅಷ್ಟೇ.

ಒಂದು ಆರ್ಮ್‌ನಲ್ಲಿ ನಾಲ್ಕು ಕೆಪಾಸಿಟರ್ ಇವೆ ಅಂದ್ಕೊಳ್ಳಿ: 97, 104, 101, 98 ವೋಲ್ಟ್. ಈಗ ಎರಡು ಒಳಗಿರಬೇಕು. ಯಾವ ಎರಡು ಹಾಕಿದ್ರೂ ಔಟ್‌ಪುಟ್ ಹತ್ತಿರ ಹತ್ತಿರ 200 ವೋಲ್ಟೇ. ಹಾಗಾಗಿ ಆಯ್ಕೆ ನಮ್ಮದು. ಕೆಪಾಸಿಟರ್ 2 ಮಿಲಿಫ್ಯಾರಡ್, ಕರೆಂಟ್ 10 ಆಂಪಿಯರ್, ಸಮಯ 1 ಮಿಲಿಸೆಕೆಂಡ್ ಆದ್ರೆ ವೋಲ್ಟೇಜ್ ಬದಲಾವಣೆ 5 ವೋಲ್ಟ್.

ಕರೆಂಟ್ ಚಾರ್ಜ್ ಮಾಡೋ ದಿಕ್ಕಿನಲ್ಲಿದ್ರೆ ಕಡಿಮೆ ಇರೋ 97, 98 ಹಾಕಿ. ಅವು 102, 103 ಆಗುತ್ತವೆ. ಮೊದಲಿದ್ದ 7 ವೋಲ್ಟ್ ಅಂತರ 3ಕ್ಕೆ ಇಳಿಯಿತು. ತಪ್ಪಿ 104, 101 ಹಾಕಿದ್ರೆ ಅಂತರ 12! ಕರೆಂಟ್ ದಿಕ್ಕು ತಿರುಗಿ ಡಿಸ್ಚಾರ್ಜ್ ಆಗೋವಾಗ ಹೆಚ್ಚು ಇರೋವನ್ನ ಹಾಕಬೇಕು. ನಾಲ್ಕೂ ಒಳಗಿರಬೇಕಾದಾಗ ಅಥವಾ ನಾಲ್ಕೂ ಹೊರಗಿರಬೇಕಾದಾಗ ಮಾತ್ರ ಆಯ್ಕೆ ಇಲ್ಲ.

ಹಾಗಂತ ಪ್ರತಿ ಸ್ಯಾಂಪಲ್‌ಗೂ ಸಾರ್ಟ್ ಮಾಡಿ ಬದಲಾಯಿಸ್ತಾ ಕೂರಬೇಡಿ. ಪ್ರತಿ ಸ್ವಿಚಿಂಗ್‌ಗೂ ಒಂದಿಷ್ಟು ಶಕ್ತಿ ಶಾಖವಾಗಿ ಹೋಗುತ್ತೆ. ಅದಕ್ಕೇ ಅಂತರ ಒಂದು ಮಿತಿ ದಾಟಿದಾಗ ಮಾತ್ರ ಬದಲಾಯಿಸೋದು ಒಂದು ಒಳ್ಳೆ ದಾರಿ. ಮಿತಿ ಚಿಕ್ಕದಾದ್ರೆ ಶಾಖ ಜಾಸ್ತಿ, ದೊಡ್ಡದಾದ್ರೆ ಏರುಪೇರು ಜಾಸ್ತಿ. ಎಲ್ಲಿ ನಿಲ್ಲಬೇಕು ಅನ್ನೋದೇ ಎಂಜಿನಿಯರ್ ಕೆಲಸ.

ಈಗ ನಿಮಗೊಂದು ಲೆಕ್ಕ: 99, 105, 96, 100 ವೋಲ್ಟ್. ಮೂರು ಒಳಗಿರಬೇಕು, ಕರೆಂಟ್ ಡಿಸ್ಚಾರ್ಜ್ ದಿಕ್ಕಿನಲ್ಲಿದೆ. ಬೈಪಾಸ್ ಆಗಬೇಕಾದದ್ದು ಯಾವುದು? 96 ಅಂದ್ರಾ? ಹಾಗಾದ್ರೆ ಅಲ್ಗಾರಿದಮ್ ನಿಮಗೆ ಬಂತು. ಇನ್ನು ಕೋಡ್ ಬರೆಯೋದೊಂದೇ ಬಾಕಿ.