ಸವಕಳಿ: ಉರುಳುವ ಉಕ್ಕು, ಹಾಕುವ ಎಣ್ಣೆ, ಬರೆಯುವ ಲೆಕ್ಕ

ವಾಣಿಜ್ಯಶಾಸ್ತ್ರ ಓದುವ ನಮಗೆ ‘ಸವಕಳಿ’ ಎಂಬ ಮಾತು ತೀರಾ ಬಳಕೆಯದು. ಯಂತ್ರದ ಬೆಲೆಯಲ್ಲಿ ವರ್ಷಕ್ಕೆ ಇಷ್ಟೆಂದು ಕಳೆದು ಲಾಭ-ನಷ್ಟದ ಖಾತೆಗೆ ಬರೆಯುತ್ತೇವೆ, ಮುಗಿಯಿತು. ಇಂಗ್ಲಿಷಿನಲ್ಲಿ ಖಾತೆಯ ಸವಕಳಿಗೆ ಒಂದು ಶಬ್ದ, ಲೋಹ ತೇಯುವುದಕ್ಕೆ ಬೇರೊಂದು ಶಬ್ದ. ಕನ್ನಡದಲ್ಲಿ ಎರಡಕ್ಕೂ ಒಂದೇ. ನೇಗಿಲಿನ ಗುಳ ಸವೆಯುತ್ತದೆ, ಚಪ್ಪಲಿ ಸವೆಯುತ್ತದೆ, ಖಾತೆಯೊಳಗೆ ಯಂತ್ರವೂ ಸವೆಯುತ್ತದೆ. ಹಾಗಾದರೆ ಪುಸ್ತಕದ ಸವಕಳಿಗೂ ಉಕ್ಕಿನ ಸವಕಳಿಗೂ ನಿಜವಾಗಿ ಸಂಬಂಧ ಉಂಟೆ? ಈ ಪ್ರಶ್ನೆ ಹಿಡಿದು ನಾನು ಓದಿ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗಳಿಗಾಗಿ ಗುಜರಾತಿನ ಮೂರು ಊರುಗಳನ್ನು ಆರಿಸಿಕೊಂಡಿದ್ದೇನೆ. ಅಹಮದಾಬಾದಿನ ನೂಲು, ವಡೋದರಾದ ಬೇರಿಂಗು, ಸೂರತ್ತಿನ ವಜ್ರ: ಮೂರೂ ತಿರುಗುವ ಕಬ್ಬಿಣವನ್ನು ನಂಬಿದ ಕಸುಬುಗಳು.

1. ಜಾರುವುದು ಬೇರೆ, ಉರುಳುವುದು ಬೇರೆ

ಅಹಮದಾಬಾದಿನ ಮೊದಲ ಬಟ್ಟೆ ಗಿರಣಿಯನ್ನು ರಣಛೋಡ್‌ಲಾಲ್ ಛೋಟಾಲಾಲರು 1861ರಲ್ಲಿ ನಡೆಸತೊಡಗಿದರು. ಗಿರಣಿಯ ನೂಲುವ ಯಂತ್ರವಾದ ರಿಂಗ್ ಫ್ರೇಮನ್ನೇ ನೋಡಿ. ಅದರಲ್ಲಿ ಎರಡು ಬಗೆಯ ಚಲನೆ ಅಕ್ಕಪಕ್ಕದಲ್ಲೇ ಇದೆ. ಈಗಿನ ಕದಿರು ನಿಮಿಷಕ್ಕೆ 15–20 ಸಾವಿರ ಸುತ್ತು ತಿರುಗುತ್ತದೆ. ಅದನ್ನು ಹಿಡಿದಿರುವುದು ಉಕ್ಕಿನ ಸಣ್ಣ ಉರುಳೆಗಳ ಬೇರಿಂಗು. ಅದರ ಸುತ್ತ ಇರುವ ಬಳೆಯ ಮೇಲೆ ‘ಟ್ರಾವೆಲರ್’ ಎಂಬ ಚಿಕ್ಕ ಬಾಗುತಂತಿ ನೂಲನ್ನು ಹೊತ್ತು ಸೆಕೆಂಡಿಗೆ 30–40 ಮೀಟರ್ ವೇಗದಲ್ಲಿ ಜಾರುತ್ತಾ ಓಡುತ್ತದೆ. ಅಲ್ಲಿ ಎಣ್ಣೆ ಹಾಕುವ ಹಾಗಿಲ್ಲ, ನೂಲು ಕಲೆಯಾಗುತ್ತದೆ. ಹತ್ತಿಯ ಎಳೆಯೇ ನುರಿದು ತೆಳುವಾದ ಪದರವಾಗಿ ಅದನ್ನು ಒಂದಿಷ್ಟು ಕಾಪಾಡುತ್ತದೆ. ಆದರೂ ಟ್ರಾವೆಲರಿನ ಆಯುಷ್ಯ ದಿನ-ವಾರಗಳ ಲೆಕ್ಕದ್ದು. ಕದಿರಿನ ಬೇರಿಂಗಿನದು ವರ್ಷಗಳ ಲೆಕ್ಕದ್ದು. ಜಾರುವುದಕ್ಕೂ ಉರುಳುವುದಕ್ಕೂ ಇರುವ ಅಂತರ ಇಷ್ಟು.

ಉರುಳುವುದರ ಲಾಭವನ್ನು ವಡೋದರಾದ ಗಾಯಕವಾಡರು ಇನ್ನೊಂದು ರೀತಿಯಲ್ಲಿ ಕಂಡಿದ್ದರು. 1862ರಲ್ಲಿ ಅವರು ಡಭೋಯಿಯಿಂದ ಮಿಯಾಗಾಮಿಗೆ ಸಣ್ಣ ಅಳತೆಯ ಹಳಿ ಹಾಕಿಸಿದರು. ಮೊದಮೊದಲು ಅದರ ಮೇಲೆ ಗಾಡಿ ಎಳೆದದ್ದು ಎಂಜಿನ್ ಅಲ್ಲ, ಎತ್ತು! ಮಣ್ಣಿನ ದಾರಿಯಲ್ಲಿ ಚಕ್ರ ಹೂತು ಹೋಗುತ್ತದೆ. ಗಟ್ಟಿ ಉಕ್ಕಿನ ಮೇಲೆ ಗಟ್ಟಿ ಚಕ್ರ ಹೂಳುವುದಿಲ್ಲ. ಹಾಗಾಗಿ ಅದೇ ಎತ್ತು ಹಲವು ಪಟ್ಟು ಹೆಚ್ಚು ಭಾರ ಎಳೆಯಬಲ್ಲದು.

2. ಉರುಳಿದರೂ ಸವೆಯುವುದೇಕೆ?

ಉಜ್ಜುವುದೇ ಇಲ್ಲವೆಂದ ಮೇಲೆ ಸವೆತ ಎಲ್ಲಿಂದ ಬಂತು ಅಂತ ಕೇಳಬಹುದು. ಇದಕ್ಕೆ ಮೊದಲ ಸುಳಿವು ಕೊಟ್ಟವನು ಜರ್ಮನಿಯ ಹೈನ್ರಿಶ್ ಹರ್ಟ್ಸ್. 1880ರ ಡಿಸೆಂಬರ್ ರಜೆಯಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ, ಎರಡು ಗಾಜಿನ ಮಸೂರಗಳನ್ನು ಒತ್ತಿ ಹಿಡಿದರೆ ಅವು ಹೇಗೆ ಚಪ್ಪಟೆಯಾಗುತ್ತವೆ ಎಂದು ಅವನು ಗಣಿತ ಹಾಕಿದ. ಅದೇ ಗಣಿತ ಗುಂಡಿಗೂ ಬಳೆಗೂ ಹೊಂದುತ್ತದೆ. ಗುಂಡು ಬಳೆಯನ್ನು ಒಂದು ಬಿಂದುವಿನಲ್ಲಿ ಮುಟ್ಟುವುದಿಲ್ಲ. ಎರಡೂ ತುಸು ಚಪ್ಪಟೆಯಾಗಿ ಒಂದು ಚಿಕ್ಕ ಮಚ್ಚೆಯಷ್ಟು ಜಾಗದಲ್ಲಿ ಕೂಡುತ್ತವೆ. ರೈಲಿನ ಚಕ್ರ ಹಳಿಯನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಒಂದು ಚದರ ಸೆಂಟಿಮೀಟರ್. ಬೆರಳಿನ ಉಗುರಿನಷ್ಟು ಜಾಗದ ಮೇಲೆ ಹಲವು ಟನ್ ಭಾರ! ಬೇರಿಂಗಿನೊಳಗೆ ಒತ್ತಡ ಗಾಳಿಯ ಒತ್ತಡದ ಹತ್ತು ಸಾವಿರ ಪಟ್ಟನ್ನೂ ಮೀರುವುದುಂಟು.

ಒಂದು ಸಲ ಒತ್ತಿದರೆ ಉಕ್ಕಿಗೆ ಏನೂ ಆಗುವುದಿಲ್ಲ. ಆದರೆ ಕೋಟಿ ಸಲ? ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಾ ಹೋದರೆ ಕೊನೆಗೆ ಪಟ್ಟನೆ ಮುರಿಯುತ್ತದಲ್ಲ, ಇದೂ ಹಾಗೇನೇ. ಇದನ್ನು ಲೋಹದ ದಣಿವು ಅನ್ನುತ್ತಾರೆ. ವಿಚಿತ್ರವೇನೆಂದರೆ, ಅತಿ ಹೆಚ್ಚು ಎಳೆದಾಟ ಇರುವುದು ಮೇಲ್ಮೈಯಲ್ಲಲ್ಲ, ಅದಕ್ಕಿಂತ ತುಸು ಕೆಳಗೆ. ಉಕ್ಕಿನಲ್ಲಿ ಕಸದ ಕಣ ಉಳಿದಿದ್ದರೆ ಅಲ್ಲಿ ಬಿರುಕು ಹುಟ್ಟಿ ಮೇಲಕ್ಕೆ ಬರುತ್ತದೆ. ಆಮೇಲೆ ಒಂದು ದಿನ ಚಕ್ಕೆ ಏಳುತ್ತದೆ, ಗುಳಿ ಬೀಳುತ್ತದೆ. ಹೊರಗೆ ಫಳಫಳ ಹೊಳೆಯುತ್ತಿರುವಾಗಲೇ ಒಳಗೆ ಸವಕಳಿ ನಡೆದಿರುತ್ತದೆ.

ಆದ್ದರಿಂದ ಬೇರಿಂಗಿನ ಉಕ್ಕು ಶುದ್ಧವಾಗಿರಬೇಕು, ಗುಂಡು ನಿಜಕ್ಕೂ ಗುಂಡಾಗಿರಬೇಕು. ಜರ್ಮನಿಯ ಶ್ವೈನ್‌ಫುರ್ಟಿನ ಫ್ರೀಡ್ರಿಶ್ ಫಿಶರ್ 1883ರಲ್ಲಿ ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ ಅರೆಯುವ ಯಂತ್ರ ಮಾಡಿದ. ಆ ಮನೆತನದ ಕಂಪನಿಯ ಕವಲೇ ವಡೋದರಾದ ಮಾಣೇಜಾದಲ್ಲಿರುವ ಬೇರಿಂಗ್ ಕಾರ್ಖಾನೆ. 1962ರಲ್ಲಿ ಸ್ಥಾಪನೆಯಾದ ಆ ಕಂಪನಿಗೆ ಈಗ ಶಾಫ್ಲರ್ ಇಂಡಿಯಾ ಎಂದು ಹೆಸರು.

3. ಎಣ್ಣೆಯ ಪೊರೆ

ಇಷ್ಟು ಒತ್ತಡದಲ್ಲಿ ಎಣ್ಣೆ ಹಿಂಡಿ ಹೊರಗೆ ಹೋಗಬೇಕಲ್ಲವೆ? ಹೋಗುವುದಿಲ್ಲ. ಒತ್ತಡ ಏರಿದ ಹಾಗೆ ಎಣ್ಣೆ ಮಂದವಾಗುತ್ತಾ ಆಗುತ್ತಾ, ಆ ಕ್ಷಣದ ಮಟ್ಟಿಗೆ, ಹೆಚ್ಚುಕಡಿಮೆ ಗಟ್ಟಿ ಪದಾರ್ಥವೇ ಆಗಿಬಿಡುತ್ತದೆ. ಲೋಹ ಬಾಗಿ ಜಾಗ ಕೊಡುತ್ತದೆ, ಎಣ್ಣೆ ಗಟ್ಟಿಯಾಗಿ ನಿಲ್ಲುತ್ತದೆ. ಇದರ ಲೆಕ್ಕವನ್ನು ಇಂಗ್ಲೆಂಡಿನ ಲೀಡ್ಸಿನಲ್ಲಿ ಡೌಸನ್ ಮತ್ತು ಹಿಗಿನ್‌ಸನ್ 1959ರಲ್ಲಿ ಕಂಪ್ಯೂಟರಿನಿಂದ ಬಿಡಿಸಿದರು. ಪೊರೆಯ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ ಕಡಿಮೆ. ತಲೆಗೂದಲಿನ ದಪ್ಪ ಅದರ ಐವತ್ತು ಪಟ್ಟಿಗೂ ಹೆಚ್ಚು. ಪೊರೆ ಲೋಹದ ಒರಟಿಗಿಂತ ಮೂರು ಪಟ್ಟು ದಪ್ಪ ಇದ್ದರೆ ಉಕ್ಕು ಉಕ್ಕನ್ನು ಮುಟ್ಟುವುದೇ ಇಲ್ಲ. ಒರಟಿಗಿಂತ ತೆಳುವಾದರೆ ಉಬ್ಬುಗಳು ಒಂದಕ್ಕೊಂದು ತಾಗಿ ಹರಿಯುತ್ತವೆ.

ನಮ್ಮ ಹಳ್ಳಿಯ ಗಾಡಿಗೆ ಹಾಕುತ್ತಿದ್ದ ಕೀಲೆಣ್ಣೆ ಗೊತ್ತಲ್ಲ? ಸುಟ್ಟ ಹುಲ್ಲಿನ ಕರಿ, ಅದಕ್ಕೆ ಹರಳೆಣ್ಣೆ. ಅದು ಹಳೆಯ ಕಾಲದ್ದು ಅಂತ ನಗಬೇಡಿ. ಇವತ್ತು ಬೇರಿಂಗಿಗೆ ಅತಿ ಹೆಚ್ಚು ಬಳಸುವುದು ಲಿಥಿಯಂ ಗ್ರೀಸು. ಎಣ್ಣೆಯನ್ನು ಸ್ಪಂಜಿನ ಹಾಗೆ ಹಿಡಿದಿಡುವ ಅದರ ಸಾಬೂನಿನಂಥ ಭಾಗವನ್ನು ತಯಾರಿಸುವುದು ಹರಳೆಣ್ಣೆಯ ಆಮ್ಲದಿಂದಲೇ. ದೇಶದಲ್ಲಿ ಹರಳು ಎಲ್ಲಕ್ಕಿಂತ ಹೆಚ್ಚು ಬೆಳೆಯುವ ರಾಜ್ಯವೂ ಗುಜರಾತೇ. ಗಾಡಿಯ ಅಚ್ಚಿನಿಂದ ಗಿರಣಿಯ ಮೋಟಾರಿನವರೆಗೆ ಹರಳು ನಮ್ಮ ಜೊತೆ ಬಿಟ್ಟಿಲ್ಲ.

ಹಾಗಂತ ಗ್ರೀಸು ತುರುಕಿದಷ್ಟೂ ಒಳ್ಳೆಯದು ಅಂತಲ್ಲ. ವೇಗದ ಬೇರಿಂಗಿನೊಳಗಿನ ಖಾಲಿ ಜಾಗದಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ತುಂಬಿದರೆ ಸಾಕು. ಪೂರ್ತಿ ತುಂಬಿದರೆ ಕಡೆದ ಹಾಗಾಗಿ ಕಾದು ಕೆಡುತ್ತದೆ. ರೈಲಿನ ಹಳಿಯ ಮೇಲ್ಭಾಗಕ್ಕಂತೂ ಎಣ್ಣೆ ಹಾಕಲೇಬಾರದು, ಚಕ್ರಕ್ಕೆ ಹಿಡಿತವಿಲ್ಲದೆ ಬ್ರೇಕೇ ಕೂರುವುದಿಲ್ಲ. ತಿರುವುಗಳಲ್ಲಿ ಚಕ್ರದ ಅಂಚು ಹಳಿಯ ಪಕ್ಕಕ್ಕೆ ಉಜ್ಜುವ ಕಡೆ ಮಾತ್ರ ಹಾಕುತ್ತಾರೆ. 1984ರಲ್ಲಿ ಆರಂಭವಾದ ನಮ್ಮ ಯಲಹಂಕದ ಗಾಲಿ-ಅಚ್ಚು ಕಾರ್ಖಾನೆಯ ಚಕ್ರಕ್ಕೂ ಇದೇ ನಿಯಮ.

4. ಸೂರತ್ ಕಲಿಸುವ ಪಾಠ

ಸೂರತ್ತಿನ ವಜ್ರದ ಕಾರ್ಖಾನೆಗಳಲ್ಲಿ ಸವಕಳಿಯೇ ಬೇಕಾದದ್ದು. ತಿರುಗುವ ಕಬ್ಬಿಣದ ತಟ್ಟೆಗೆ ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿ ಸವರಿ, ಅದಕ್ಕೆ ಕಲ್ಲನ್ನು ಒತ್ತಿ ಮುಖ ಕೊರೆಯುತ್ತಾರೆ. ಇಲ್ಲಿ ಎಣ್ಣೆ ಉಜ್ಜಾಟ ತಪ್ಪಿಸುವುದಿಲ್ಲ. ಪುಡಿಯನ್ನು ಹಿಡಿದುಕೊಂಡು ಅರೆಯುವುದಕ್ಕೆ ನೆರವಾಗುತ್ತದೆ. ಈಗ ಬೇರಿಂಗನ್ನು ನೆನೆಸಿಕೊಳ್ಳಿ. ಮುಚ್ಚಳ ತೆರೆದಿಟ್ಟ ಡಬ್ಬಿಯ ಗ್ರೀಸಿಗೆ ಮರಳಿನ ಧೂಳು ಬಿತ್ತು ಅನ್ನಿ. ಅದು ಇನ್ನು ಗ್ರೀಸಲ್ಲ, ಅರೆಯುವ ಹಿಟ್ಟು. ಒಂದು ಮೈಕ್ರಾನಿಲ್ಲದ ಪೊರೆಯಲ್ಲಿ ಹತ್ತು ಮೈಕ್ರಾನಿನ ಕಣ ಸಿಕ್ಕರೆ ಬಳೆಯಲ್ಲಿ ತಗ್ಗು ಬಿದ್ದೇ ಬೀಳುತ್ತದೆ. ಆ ತಗ್ಗಿನ ಅಂಚಿನಲ್ಲೇ ಮುಂದಿನ ಬಿರುಕು. ಎಣ್ಣೆ ಹಾಕುವುದರಷ್ಟೇ ಮುಖ್ಯ ಎಣ್ಣೆಯನ್ನು ಮುಚ್ಚಿಡುವುದು.

5. ಆಯುಷ್ಯದ ಲೆಕ್ಕ

ಇದು ನಮ್ಮವರಿಗೆ ಇಷ್ಟವಾಗುವ ಭಾಗ. ಗುಂಡಿನ ಬೇರಿಂಗಿನ ಆಯುಷ್ಯಕ್ಕೆ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ ಎಂಬ ಸ್ವೀಡನ್ನಿನವರು 1947ರಲ್ಲಿ ಸೂತ್ರ ಕೊಟ್ಟರು. ಬೇರಿಂಗಿನ ಶಕ್ತಿಯನ್ನು ಅದರ ಮೇಲಿನ ಭಾರದಿಂದ ಭಾಗಿಸಿ, ಬಂದದ್ದನ್ನು ಘನ ಮಾಡಿ. ಅಷ್ಟು ದಶಲಕ್ಷ ಸುತ್ತು ಆಯುಷ್ಯ. ನೂರರಲ್ಲಿ ತೊಂಬತ್ತು ಬೇರಿಂಗು ಅಷ್ಟು ಕಾಲ ಬಾಳುತ್ತವೆ ಎಂದರ್ಥ. ಜೀವವಿಮೆಯ ಲೆಕ್ಕದಂತೆಯೇ ಇದು, ಒಬ್ಬೊಬ್ಬರ ಜಾತಕವಲ್ಲ.

ಭಾರ ಶಕ್ತಿಯ ಹತ್ತನೇ ಒಂದು ಪಾಲು ಇರಲಿ. ಹತ್ತರ ಘನ 1000. ಅಂದರೆ 100 ಕೋಟಿ ಸುತ್ತು. ನಿಮಿಷಕ್ಕೆ 1000 ಸುತ್ತಿನಂತೆ ಸುಮಾರು 16,667 ಗಂಟೆ. ದಿನಕ್ಕೆ ಎಂಟು ಗಂಟೆ ಓಡಿಸಿದರೆ 2083 ದಿನ. ಈಗ ಭಾರವನ್ನು ಎರಡು ಪಟ್ಟು ಮಾಡಿ. ಐದರ ಘನ 125. ಆಯುಷ್ಯ 2083 ಗಂಟೆ, ಅಂದರೆ 260 ದಿನ. ಭಾರ ದುಪ್ಪಟ್ಟು, ಆಯುಷ್ಯ ಎಂಟನೇ ಒಂದು! ಇದೂ ಎಣ್ಣೆ ಚೊಕ್ಕಟವಾಗಿದ್ದರೆ ಮಾತ್ರ.

6. ಖಾತೆಯಲ್ಲಿ ಕಾಣದ ಸವಕಳಿ

2013ರ ಕಂಪನಿ ಕಾಯಿದೆಯ ಎರಡನೆಯ ಪರಿಶಿಷ್ಟದಲ್ಲಿ ಸಾಮಾನ್ಯ ಯಂತ್ರಕ್ಕೆ 15 ವರ್ಷದ ಆಯುಷ್ಯ ಹೇಳಿದೆ. ಎರಡು ಪಾಳಿ ಓಡಿಸಿದರೆ ಸವಕಳಿ ಒಂದೂವರೆ ಪಟ್ಟು, ಮೂರು ಪಾಳಿಗೆ ಎರಡು ಪಟ್ಟು. ಗಮನಿಸಿ: ಮೂರು ಪಾಳಿಯಲ್ಲಿ ಬೇರಿಂಗು ಮೂರು ಪಟ್ಟು ಸುತ್ತಿರುತ್ತದೆ. ಭಾರ ದುಪ್ಪಟ್ಟಾದದ್ದನ್ನೂ, ಗ್ರೀಸಿಗೆ ಧೂಳು ಬಿದ್ದದ್ದನ್ನೂ ಖಾತೆ ಕೇಳುವುದೇ ಇಲ್ಲ. ಖಾತೆ ನೋಡುವುದು ಕ್ಯಾಲೆಂಡರು, ಉಕ್ಕು ಎಣಿಸುವುದು ಸುತ್ತು.

ಇಲ್ಲೇ ಅಪಾಯ ಇರುವುದು. ಎಣ್ಣೆ, ಗ್ರೀಸು, ಹಾಕುವವನ ಕೂಲಿ, ಎಲ್ಲ ಆ ವರ್ಷದ ಖರ್ಚು. ಲಾಭ ತೆಳುವಾದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ಕಡಿತ ಮಾಡಿದ ವರ್ಷ ಲಾಭ ಏರಿದ ಹಾಗೆ ಕಾಣುತ್ತದೆ. ಬಿರುಕು ಮೇಲೆ ಬರುವ ಹೊತ್ತಿಗೆ ಆ ವರ್ಷದ ಲೆಕ್ಕ ಮುಚ್ಚಿರುತ್ತದೆ. 1980–90ರ ದಶಕಗಳಲ್ಲಿ ಅಹಮದಾಬಾದಿನ ಎಷ್ಟೋ ದೊಡ್ಡ ಗಿರಣಿಗಳು ಮುಚ್ಚಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಕಾರಣಗಳು ಹಲವು. ಹಳತಾದ ಯಂತ್ರಗಳನ್ನು ಬದಲಿಸದೆ ಓಡಿಸಿದ್ದೂ ಅವುಗಳಲ್ಲಿ ಒಂದು. ಸವಕಳಿ ಎಂದು ಕಳೆದ ಹಣವನ್ನು ಹೊಸ ಯಂತ್ರಕ್ಕೆ ಎತ್ತಿಡದಿದ್ದರೆ ಆ ಬರಹಕ್ಕೆ ಅರ್ಥವೇನು?

ಉಜ್ಜಾಟ, ಸವೆತ, ಎಣ್ಣೆ ಮೂರನ್ನೂ ಸೇರಿಸಿ ಓದುವ ಶಾಸ್ತ್ರಕ್ಕೆ ‘ಟ್ರೈಬಾಲಜಿ’ ಎಂಬ ಹೆಸರು ಬಳಕೆಗೆ ಬಂದದ್ದು 1966ರಲ್ಲಿ, ಬ್ರಿಟನ್ನಿನ ಪೀಟರ್ ಜೋಸ್ಟ್ ಸಮಿತಿಯ ವರದಿಯಿಂದ. ಇದನ್ನು ಸರಿಯಾಗಿ ಪಾಲಿಸಿದರೆ ಬ್ರಿಟನ್ನಿಗೆ ವರ್ಷಕ್ಕೆ 51.5 ಕೋಟಿ ಪೌಂಡ್ ಉಳಿದೀತೆಂದು ಆ ವರದಿ ಅಂದಾಜು ಮಾಡಿತ್ತು. ಎಂಜಿನಿಯರರ ಶಾಸ್ತ್ರ ಹುಟ್ಟಿದ್ದೇ ಹಣದ ಲೆಕ್ಕದ ಜೊತೆಗೆ. ಹಾಗಿರುವಾಗ ಲೆಕ್ಕ ಬರೆಯುವ ನಾವು ಎಣ್ಣೆಯ ಡಬ್ಬಿಯ ಕಡೆ ಒಮ್ಮೆ ನೋಡುವುದರಲ್ಲಿ ತಪ್ಪೇನಿಲ್ಲ.

ಅಭ್ಯಾಸಕ್ಕೆ:
ಅ) ಭಾರ ಅರ್ಧಕ್ಕೆ ಇಳಿದರೆ ಗುಂಡಿನ ಬೇರಿಂಗಿನ ಆಯುಷ್ಯ ಎಷ್ಟು ಪಟ್ಟು ಹೆಚ್ಚುತ್ತದೆ?
ಆ) ಟ್ರಾವೆಲರಿಗೆ ಎಣ್ಣೆ ಏಕಿಲ್ಲ? ಹಳಿಯ ಮೇಲ್ಭಾಗಕ್ಕೆ ಏಕಿಲ್ಲ? ಎರಡಕ್ಕೂ ಕಾರಣ ಒಂದೆಯೆ?
ಇ) ನಿಮ್ಮ ಊರಿನ ಹಿಟ್ಟಿನ ಗಿರಣಿಗೆ ಹೋಗಿ, ವರ್ಷಕ್ಕೆ ಗ್ರೀಸಿಗೆ ಎಷ್ಟು, ಬೇರಿಂಗಿಗೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿ ಬರೆದುಕೊಳ್ಳಿ.